ಸದ್ದಿಲ್ಲದ ಗಂಟೆ
ಮಲಗಲು, ಅಡುಗೆ ಮಾಡಲು ಜಾಗವಿರುವ ನಮ್ಮ ಬಾಡಿಗೆ ಮೋಟಾರ್‌ಹೋಮಿನ ಚಾಲಕ ಭೀಮರಾಜ್‌ಗೆ ಗಾಡಿ ನಿಂತ ಕೂಡಲೇ ಮೊದಲ ಕೆಲಸ ಮುಂಗಾಜಿಗೆ ಪರದೆ ಹಾಕುವುದು. ಅಂದದ ಬಟ್ಟೆಯ ಪರದೆಯನ್ನು ಒಳಗೇ ಕಟ್ಟೋಣವೆಂದು ನಾನೆಂದರೆ ನಕ್ಕುಬಿಟ್ಟ: "ಬಿಸ್ಲು ಗಾಜು ದಾಟಿದ್ಮೇಲೆ ಅಡ್ಡ ಹಿಡಿದ್ರೆ ಏನ್ ಬಂತಕ್ಕ? ಹಾಲು ಉಕ್ಕಿದ್ಮೇಲೆ ಒಲೆ ಆರಿಸ್ದಂಗೆ!" ಅವನದು ಹೊರಗಿನಿಂದ ಹೊದಿಸುವ ಬೆಳ್ಳಿಬಣ್ಣದ ದಪ್ಪ ಪರದೆ. ಅದರ ಅಂಚನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಅವನು ಬೀಗುತ್ತಾನೆ. ಎಲ್ಲಿ ಕಿಂಡಿ ಉಳಿಯಿತೋ, ಒಳಗೆ ಕಾವೇರಿತೋ ಎಂದು ನಾನು ಚಡಪಡಿಸುತ್ತೇನೆ. ತೆಗೆಯುವಾಗ ಮಾತ್ರ ಗುಡಿಯ ಪದ್ಧತಿ. ಡ್ಯಾಶ್‌ಬೋರ್ಡಿನ ಗಣಪನಿಗೆ ತೆರೆಯಾಗಿರುವ ಆ ಪರದೆ ಸರಿಸುವ ಮುನ್ನ ಗಂಟೆ ಬಾರಿಸಲೇಬೇಕು. "ಹೇಳ್ದೆ ಕೇಳ್ದೆ ದೇವ್ರ ಮುಂದೆ ತೆರೆ ತೆಗೀತಾರಾ?" ಎನ್ನುತ್ತಾನೆ. ಆ ಸದ್ದಿಗೆ ನನ್ನ ಮಗು ಪ್ರತಿ ಸಲವೂ ಬೆಚ್ಚಿಬಿದ್ದು ಅಳುತ್ತದೆ, ಜಗಳವಾಡಿದರೂ ಅವನು ಬಗ್ಗಿಲ್ಲ. ಇವತ್ತು ತೂಬಗೆರೆಯ ಹತ್ತಿರ, ರಾತ್ರಿಯಿಡೀ ಜ್ವರದಲ್ಲಿ ನರಳಿದ ಮಗು ಕೊನೆಗೂ ನಿದ್ದೆಹೋಯಿತು. ದೊಡ್ಡಬಳ್ಳಾಪುರದ ಡಾಕ್ಟರ ಬಳಿಗೆ ಹೊರಡಲೇಬೇಕಿತ್ತು. ಭೀಮರಾಜ್ ಗಂಟೆ ಕೈಗೆತ್ತಿಕೊಂಡ. ಬಾಗಿಲಲ್ಲಿ ನಿಂತಿದ್ದ ನಾನು ಮಗುವಿನತ್ತ ತಿರುಗಿ ನೋಡಿದೆ. ಅವನು ಗಂಟೆಯ ನಾಲಿಗೆಯನ್ನು ಬೆರಳುಗಳಲ್ಲಿ ಬಿಗಿಯಾಗಿ ಹಿಡಿದು, ಸದ್ದೇ ಬಾರದಂತೆ ಗಣಪನ ಕಡೆಗೆ ಆಡಿಸಿ, ಮೆಲ್ಲನೆ ತೆರೆ ಸರಿಸಿದ.