ಸುಲ್ತಾನನ ಹತ್ತು ಸಾವಿರ, ಭಾವನ ಮೂವತ್ತು

ಅಕ್ಕ ತನ್ನನ್ನು ನೋಡಿಹೋದ ಹುಡುಗನ ಜೊತೆ ನಾಲ್ಕು ಮಾತಾಡಲಿ ಎಂದು ಮಾಡಿದ್ದ ಏರ್ಪಾಟನ್ನು ಕೆಡಿಸಿದವನು ನಾನೇ. ಏನು ಮಾಡಲಿ, ನನ್ನ ಬಾಯಿ ಸುಮ್ಮನಿರುವುದಿಲ್ಲ. ಹುಟ್ಟಿದಾಗಲೂ ಅಳುವುದು ಬಿಟ್ಟು ಸೂಲಗಿತ್ತಿಯ ದನಿಯನ್ನು ಅಣಕಿಸಿರಬೇಕು.

ಹುಡುಗ ಔರಾದ್ ಕಡೆಯ ಎಕಂಬಾದವನು, ಸೈನ್ಯದಲ್ಲಿದ್ದ. ಮರುದಿನವೇ ರಜೆ ಮುಗಿಸಿ ಹೊರಡುವವನು. ಅಷ್ಟರೊಳಗೆ ಅಕ್ಕ ಹೂಂ ಅನ್ನಬೇಕು, ಇಲ್ಲವೇ ಊಹೂಂ. "ಮಾತಾಡದ ಹೂಂ ಅನ್ನಂಗಿಲ್ಲ" ಎಂದು ಅವಳ ಹಟ. ಹಾಗಾಗಿ ಭಾಲ್ಕಿಯಿಂದ ನಾವು, ಊರಿಂದ ಅವನು, ಬೀದರ ಕೋಟೆಯಲ್ಲಿ ಭೇಟಿ ಎಂದಾಯಿತು. ಇಬ್ಬರನ್ನೇ ಬಿಡಬಾರದೆಂದು ಅವ್ವ ನನ್ನನ್ನು ಕಾವಲಿಗೆ ಕಳಿಸಿದ್ದಳು.

ಕೋಟೆ ಬಾಗಿಲಲ್ಲೇ ಮುಷ್ಟಿಯನ್ನು ಮೈಕಿನಂತೆ ಅವನ ಮುಂದೆ ಹಿಡಿದು ಟಿವಿ ವರದಿಗಾರನಾದೆ. "ಭಾವಾ, ಒಳಗ ಸುಲ್ತಾನನ ಹತ್ತು ಸಾವಿರ ಮಂದಿ. ಹೊರಗ ನೀವು ಮೂವತ್ತು ಜವಾನರು, ಈಗಿನ ಬಂದೂಕು. ಯಾರು ಗೆಲ್ತಾರ್ರಿ?"

"ನಾವೇ. ಸಂಜಿತನಕನೂ ಬ್ಯಾಡ," ಎಂದು ನಕ್ಕ.

"ಮೊದಲ ಕಂದಕ ನೋಡ್ರಿ. ಕಲ್ಲು ಕಡದು ಮಾಡ್ಯಾರ."

ಬಗ್ಗಿ ನೋಡಿದ. ನಗು ನಿಂತಿತು. ಕಡ್ಡಿ ಹುಡುಕಿ ಕೆಂಪು ಮಣ್ಣಿನಲ್ಲಿ ಗೋಡೆ ಬರೆದ, ಬಾಗಿಲಿನ ಸೊಟ್ಟ ತಿರುವು ಬರೆದ. "ಇಲ್ಲಿ ನೆಟ್ಟಗ ನುಗ್ಗಾಕ ಬರಂಗಿಲ್ಲ," ಎಂದು ತನಗೇ ಹೇಳಿಕೊಂಡ. "ಇರ್ಲಿ, ಸುತ್ತ ಕುಂತು ನೀರು ಬಂದ್ ಮಾಡ್ತೀವಿ."

"ನೀರು ನೆಲದೊಳಗಿನ ಸುರಂಗದಾಗ ಬರ್ತದ. ಎಲ್ಲಿ ಬಂದ್ ಮಾಡ್ತೀರಿ?"

ಅಷ್ಟರಲ್ಲಿ ಬೀದರದ ವಾಯುನೆಲೆಯ ತರಬೇತಿ ವಿಮಾನವೊಂದು ತಲೆಯ ಮೇಲೆ ಹಾದುಹೋಯಿತು. "ನೋಡು, ನಮ್ಮವರು ಬಂದ್ರು!" ಎಂದು ಅವನು ಎದ್ದು ನಿಂತ.

"ವಿಮಾನ ಲೆಕ್ಕಕ್ಕಿಲ್ರಿ! ಮೂವತ್ತು ಮಂದಿ ಅಂದ್ರ ಮೂವತ್ತೇ."

"ಹಂಗಿದ್ರ ಗುಂಡು ಮುಗಿದ ಮ್ಯಾಲ ಏನಪಾ ಮಾಡೂದು?" ನಿಜವಾಗಿಯೂ ಚಿಂತೆಗೆ ಬಿದ್ದು ತಲೆ ಕೆರೆದುಕೊಂಡ. ನನಗೂ ತಿಳಿಯಲಿಲ್ಲ. ತಿಳಿಯದಿದ್ದಾಗ ಮಾಡುವುದನ್ನೇ ಮಾಡಿದೆ: ತೋಳನ್ನು ಸೊಂಡಿಲಾಗಿಸಿ, ಆನೆಯಂತೆ ಘೀಳಿಟ್ಟು ಅವನ ಮೇಲೆ ನುಗ್ಗಿದೆ. ಅವನು ಗೋಡೆಯ ಮರೆಯಿಂದ ಬಾಯಲ್ಲೇ ಗುಂಡು ಹಾರಿಸಿದ. ಕೋಟೆ ನೋಡಲು ಬಂದವರು ನಮ್ಮನ್ನು ನೋಡುತ್ತ ನಿಂತರು. ಅಕ್ಕ ಬುತ್ತಿ ಗಂಟಿನೊಂದಿಗೆ ಮೆಟ್ಟಿಲ ಮೇಲೆ ಕೂತೇ ಇದ್ದಳು.

ಬಾಗಿಲು ಮುಚ್ಚಲು ಇನ್ನು ಅರ್ಧ ತಾಸೆಂದು ಕಾವಲುಗಾರ ಕೂಗಿದಾಗ ಹುಡುಗನಿಗೆ ತಾನು ಬಂದ ಕೆಲಸ ನೆನಪಾಯಿತು. ಮೊಣಕಾಲಿನ ಮಣ್ಣು ಝಾಡಿಸಿಕೊಂಡು, ನಾಚಿಕೊಂಡೇ ಅವಳನ್ನು ಕೇಳಿದ: "ನೀವೇ ಹೇಳ್ರಿ, ಯಾರು ಗೆಲ್ತಾರ?"

ಅಕ್ಕ ಎದ್ದು ನನ್ನನ್ನೇ ನೋಡಿದಳು.

"ಯಾರೂ ಗೆಲ್ಲಂಗಿಲ್ರಿ. ಇಂವ ನಡುವ ಬಾಯಿ ಬಿಟ್ರ ಎರಡೂ ಫೌಜು ಓಡಿ ಹೋಗ್ತಾವ. ಏ, ನೀ ಕಂದಕದ ಆಚಿ ಹೋಗಿ ಕುಂದ್ರು. ಇವರ ಕೂಡ ನಾ ಮಾತಾಡಬೇಕು."