ಈಜುಗಾರನ ಬಾಯಿ ಬಿಡಿಸಿದ್ದು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಬೆಳಗಾವಿಯ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದೆ. ಪಾಠಕ್ಕಿಂತ ಹೆಚ್ಚಾಗಿ ಜನರನ್ನು ಜನರಿಗೆ ಗಂಟು ಹಾಕುವ ಚಟ ನನಗಿತ್ತು. ನೆರೆ, ಬೆಂಕಿ, ಮನೆ ಕುಸಿತ ಆದಮೇಲೆ ಮನುಷ್ಯರು ಹೇಗೆ ಬದುಕುತ್ತಾರೆ ಎಂದು ಪುಸ್ತಕ ಬರೆಯುವವರು ಒಂದು ಕಡೆ. ಹೆಣ ಎತ್ತುವವರು, ಗಂಜಿ ಬೇಯಿಸುವವರು ಇನ್ನೊಂದು ಕಡೆ. ಇವರು ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಚಹಾ ಕುಡಿಸಿದರೆ ಲೋಕೋದ್ಧಾರವಾಗುತ್ತದೆ ಎಂದು ನಂಬಿದ್ದೆ. ಆ ನಂಬಿಕೆಯಲ್ಲಿ ಅರ್ಧಪಾಲು ನನ್ನ ಹೆಸರಿನ ಆಸೆಯಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಒಂದು ಮಳೆಗಾಲದಲ್ಲಿ ಖಾನಾಪುರದ ಹತ್ತಿರ ಮಲಪ್ರಭೆಯಲ್ಲಿ ದೋಣಿ ಮಗುಚಿತು. ಸತ್ತವರಲ್ಲಿ ಶಾಲೆಗೆ ಹೊರಟಿದ್ದ ಒಂಬತ್ತನೇ ಇಯತ್ತೆಯ ಹುಡುಗಿಯೊಬ್ಬಳಿದ್ದಳು. ಮೂರನೆಯ ದಿನ ಅವಳ ಹೆಣ ತಂದವನು ಹಂಚಿನ ಭಟ್ಟಿಯ ಕೆಲಸಗಾರ, ಊರಿನ ನುರಿತ ಈಜುಗಾರ. ಆ ಹೊಳೆಸಾಲಿನಲ್ಲಿ ಒಂದು ರೂಢಿಯಿತ್ತು. ಹೆಣ ತಂದವನು ಮನೆಯವರಿಗೆ ಒಂದೇ ಮಾತು ಹೇಳಬೇಕು: 'ನಿದ್ದಿ ಹತ್ತಿದಂಗ ಇದ್ರು.' ಮನೆಯವರು ಎರಡನೆಯ ಪ್ರಶ್ನೆ ಕೇಳಬಾರದು. ಅವನು ಹಾಗೇ ಹೇಳಿದ್ದ, ಹುಡುಗಿಯ ತಾಯಿಯೂ ಕೇಳಿರಲಿಲ್ಲ.

ನನಗೆ ಆ ಎರಡನೆಯ ಪ್ರಶ್ನೆಯೇ ಬೇಕಿತ್ತು. ನಾನು ಕಾಲೇಜಿನಲ್ಲಿ ಕರೆದಿದ್ದ ಇಂಥದೊಂದು ಸಭೆಗೆ ದಿಲ್ಲಿಯಿಂದ ದೊಡ್ಡ ಪ್ರಾಧ್ಯಾಪಕರೊಬ್ಬರು ಬರುವವರಿದ್ದರು. ನಾಲ್ಕು ಸಲ ಕೆಂಪು ಬಸ್ಸು ಹತ್ತಿ ಖಾನಾಪುರಕ್ಕೆ ಹೋಗಿ, ಭಟ್ಟಿಯ ಮುಂದೆ ಬೀಡಿ ಸೇದುತ್ತ ಕೂತು, ಈಜುಗಾರನ ಬೆನ್ನು ಹತ್ತಿದೆ. ಕೊನೆಗೆ ಒಪ್ಪಿದ.

'ಹೇಳತೇನ್ರಿ ಸರ. ಆದ್ರ ಆಕಿ ತಾಯಿ ಅಲ್ಲಿ ಇರಬಾರ್ದು. ಆಕಿ ಕಿವಿಗೆ ಬೀಳಬಾರ್ದು. ಆಣಿ ಮಾಡ್ರಿ.'

ಆಣೆ ಮಾಡಿದೆ. ಆದರೆ ತಾಯಿಯನ್ನೂ ಅದೇ ದಿನ ಕರೆದಿದ್ದೆ, ಮಧ್ಯಾಹ್ನಕ್ಕೆ. ಅವಳ ಉಡಿ ತುಂಬಿ ಕಳಿಸಲೆಂದು ಶಹಾಪುರದಲ್ಲಿ ಒಂದು ಸೀರೆಯನ್ನೂ ತಂದಿಟ್ಟಿದ್ದೆ. ಒಂದೇ ದಿನದಲ್ಲಿ ಇಬ್ಬರೂ ಸಿಕ್ಕರೆ ಪ್ರಾಧ್ಯಾಪಕರಿಗೆ ಅನುಕೂಲ ಎಂಬುದು ನನ್ನ ಜಾಣತನ.

ಬೆಳಿಗ್ಗೆ ಹತ್ತು ಹನ್ನೆರಡು ಜನ ಸೇರಿದೆವು. ಈಜುಗಾರ ಪ್ರಾಧ್ಯಾಪಕರಿಗೆ ಎದುರಾಗಿ, ಬಾಗಿಲಿಗೆ ಬೆನ್ನು ಮಾಡಿ ಕೂತ. ನಾನು ಪ್ರಾಧ್ಯಾಪಕರ ಪಕ್ಕ ಕೂತು ಅವನ ಮಾತನ್ನು ಇಂಗ್ಲಿಷಿಗೆ ತರುತ್ತಿದ್ದೆ. ಮೊದಮೊದಲು ತಡವರಿಸಿದ. ಚಹಾ ಕುಡಿದ ಮೇಲೆ ಮಾತು ಬಂತು.

'ಮೊದಲನೇ ದಿನಾ ಹೊತ್ತು ಮುಳಗೂತನಕಾ ಹುಡುಕಿದ್ನಿರಿ. ನಾ ಥಂಡಿಗೆ ನಡಗೂದು ನೋಡಿ ಆ ತಾಯೀನಽ ಅಂದ್ಲು, ಸಾಕೋ ಅಣ್ಣಾ, ನಿನಗೂ ಮಕ್ಕಳದಾವ, ಮನಿಗೆ ಹೋಗು ಅಂತ. ಹೋದ್ನಿ. ಮರುದಿನಾ ಹೊಳಿ ಏರಿತ್ತು, ಯಾರೂ ಇಳೀಲಿಲ್ಲ.'

ಆಗಲೇ ಹುಡುಗಿಯ ತಾಯಿ ಬಾಗಿಲಲ್ಲಿ ಕಂಡಳು. ತಡವಾದೀತೆಂದು ಬೆಳಗಿನ ಬಸ್ಸಿಗೇ ಬಂದುಬಿಟ್ಟಿದ್ದಳು. ಕೈಯಲ್ಲಿ ಚೀಲ, ತಲೆಯ ಮೇಲೆ ಸೆರಗು. ಒಳಗೆ ಬರಲೇ ಎಂಬಂತೆ ನನ್ನತ್ತ ಕತ್ತು ಆಡಿಸಿದಳು. ಹೊರಗೆ ಕೂತಿರಿ ಎಂದಿದ್ದರೆ ಸಾಕಿತ್ತು. ಸುಮ್ಮನೆ ಜೋರಾಗಿ ಕೆಮ್ಮಿದ್ದರೂ ಅವನು ಬಾಯಿ ಮುಚ್ಚುತ್ತಿದ್ದ. ಆದರೆ ಪ್ರಾಧ್ಯಾಪಕರು ಪೆನ್ನು ಹಿಡಿದು ಮುಂದಕ್ಕೆ ಬಾಗಿದ್ದರು. ಇಷ್ಟು ದಿನ ಕಾದ ಮಾತು ಈಗ ಕಡಿದರೆ ಮತ್ತೆ ಬರುವುದಿಲ್ಲ. ನಾನು ಕಣ್ಣು ತಿರುಗಿಸಿ ಈಜುಗಾರನಿಗೆ, 'ಮುಂದ ಹೇಳ್ರಿ' ಎಂದೆ.

'ಹುಡುಗಿ ಮುಳುಗಿ ಸತ್ತಿರಲಿಲ್ರಿ. ಆಚೀ ದಂಡಿ ಬಿದರ ಮೆಳಿಯಾಗ, ನೀರಿನ ಮ್ಯಾಲ ಸಿಕ್ಳು. ಜಡಿ ರಿಬ್ಬನ್ ಬಿಚ್ಚಿ ತನ್ನ ಕೈ ಬಿದರಿಗೆ ಕಟಗೊಂಡಿದ್ಲು. ಉಗುರು ಕಿತ್ತಿದ್ವು. ಮೈ ಇನ್ನೂ ಊದಿರಲಿಲ್ಲ. ಮರುದಿನಾ ಮಧ್ಯಾಹ್ನದ ಮಟಾ ಜೀವ ಇತ್ತ್ರಿ, ನನಗ ಗೊತ್ತಾಗತೈತಿ. ನಾವು ಬರತೇವಂತ ದಾರಿ ಕಾದಾಳ. ಮೊದಲನೇ ದಿನಾ ಇನ್ನೊಂದ ತಾಸು ಹುಡುಕಿದ್ದರ ಸಿಗತಿದ್ಲು.'

ನಾನು ಒಂದಕ್ಷರ ಬಿಡದೆ ಅನುವಾದಿಸಿದೆ. ಇಂಗ್ಲಿಷ್ ಚೆನ್ನಾಗಿ ಬಂತೆಂದು ಒಳಗೊಳಗೇ ಹಿಗ್ಗಿದ್ದೂ ನಿಜ.

'ಅಣ್ಣಾ, ನಿದ್ದಿ ಹತ್ತಿದಂಗ ಇದ್ಲು ಅಂದಿದ್ದಿ,' ಎಂದು ಬಾಗಿಲಿನಿಂದ ದನಿ ಬಂತು.

ಅವನು ತಿರುಗಿದ. ಏಳಲು ಹೋಗಿ ಕುರ್ಚಿ ಕೆಡವಿದ. 'ತಂಗೀ' ಎಂದ. ಅವಳು ಗೋಡೆ ಹಿಡಿದು ನೆಲಕ್ಕೆ ಕೂತಳು. ಅಳಲಿಲ್ಲ. 'ಮನಿಗೆ ಹೋಗಂತ ನಾನಽ ಅಂದ್ನಿ. ನಾನಽ ಅಂದ್ನಿ,' ಎಂದು ಚೀಲಕ್ಕೆ ಹೇಳುವಂತೆ ಹೇಳಿಕೊಂಡಳು.

ಪ್ರಾಧ್ಯಾಪಕರು ಕೆಟ್ಟ ಮನುಷ್ಯರೇನಲ್ಲ. ತಾಯಿ ಇವಳೇ ಏನು ಎಂದು ಪಿಸುಗುಟ್ಟಿದರು. ಈಗ ಅವಳಿಗೆ ಏನನ್ನಿಸುತ್ತಿದೆ, ದಯವಿಟ್ಟು ಕೇಳುತ್ತೀರಾ ಎಂದರು. ನಾನು ಇಲ್ಲ ಎನ್ನಬಹುದಿತ್ತು. ಎದ್ದು ಹೋಗಿ, ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, 'ಈಗ ನಿಮಗ ಏನ ಅನಸತೈತ್ರಿ ಅಕ್ಕಾರ?' ಎಂದು ಕೇಳಿದೆ. ಆ ದಿನ ನನ್ನ ಬಾಯಿಗೆ ಯಾರೂ ಹೊಡೆಯಲಿಲ್ಲವಲ್ಲ ಎಂದು ಇಂದಿಗೂ ಆಶ್ಚರ್ಯಪಡುತ್ತೇನೆ.

ಅವಳು ನನ್ನ ಮುಖವನ್ನೇ ನೋಡಿದಳು.

'ನಾ ಬಾಗಲದಾಗ ನಿಂತದ್ದು ನೀವು ನೋಡಿದ್ರಿ ಸರ. ನೋಡಿ, ಅಂವಗ ಮುಂದ ಹೇಳು ಅಂದ್ರಿ.'

ಈಜುಗಾರ ಈಗ ನನ್ನ ಕಡೆ ತಿರುಗಿದ. ಪ್ರಾಧ್ಯಾಪಕರು ಪೆನ್ನು ಎತ್ತಿ ಹಿಡಿದು, ಅವಳು ಏನಂದಳು ಎಂದು ಕೇಳಿದರು.

ದಣಿವಾಗಿದೆಯಂತೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಅದನ್ನು ಬರೆದುಕೊಂಡರು.