ಯುರೋಪಿಗೊಂದು ಸಂವಿಧಾನ, ಮಾವನಿಗೊಂದು ಗಂಜಿ

ಮೊನ್ನೆ ಅಬುಧಾಬಿಯ ನಮ್ಮ ಫ್ಲ್ಯಾಟಿನಲ್ಲಿ ಕುಚ್ಚಲಕ್ಕಿ ಬೇಯುವ ವಾಸನೆ ಎದ್ದಿತು. ಮಗಳು ಮೂಗು ಮುಚ್ಚಿಕೊಂಡು, "ಅಪ್ಪಾ, ವಾಟ್ ಈಸ್ ದಟ್ ಸ್ಮೆಲ್?" ಎಂದಳು. ಯುರೋಪಿನ ಸಂವಿಧಾನದ್ದು ಎಂದು ಹೇಳಿದರೆ ಅವಳು ನಂಬುತ್ತಿದ್ದಳೇ...

ಹಿಂದೆ ದುಬೈಯ ಅಲ್ ಮುರಕ್ಕಬಾತ್‌ನಲ್ಲಿ ನಾವು ಆರು ಮಂದಿ ಒಂದೇ ರೂಮಿನಲ್ಲಿದ್ದೆವು. ನನ್ನ ಕೆಳಗಿನ ಮಂಚದಲ್ಲಿ ಬ್ರಹ್ಮಾವರದ ಕಡೆಯ ಹಿರಿಯರೊಬ್ಬರು, ರೂಮಿನವರಿಗೆಲ್ಲ ಮಾವ; ಗೋದಾಮಿನಲ್ಲಿ ಕೆಲಸ. ಹೊಟ್ಟೆಯ ಆಪರೇಷನ್ ಆದ ಮೇಲೆ ಅವರಿಗೆ ಕುಚ್ಚಲಕ್ಕಿ ಗಂಜಿ ಬಿಟ್ಟು ಬೇರೇನೂ ದಕ್ಕುತ್ತಿರಲಿಲ್ಲ. ಅದು ಬೇಯಲು ಮುಕ್ಕಾಲು ಗಂಟೆ ಬೇಕು. ನಮಗಿದ್ದದ್ದು ಎರಡೇ ಒಲೆ.

ನಮ್ಮಲ್ಲೇ ಒಬ್ಬರು, ರೂಮನ್ನು ತಮ್ಮ ಹೆಸರಿನಲ್ಲಿ ಹಿಡಿದಿದ್ದ ಯಜಮಾನರು, ಹೋಟೆಲೊಂದರ ರಿಸೆಪ್ಷನ್ನಿನಲ್ಲಿದ್ದವರು. ಕಾರವಾರದವರಾದರೂ ತಂದೆ ಪೋರ್ಚುಗೀಸರ ಕಾಲದ ಗೋವೆಯಲ್ಲಿ ಹುಟ್ಟಿದ ಪುಣ್ಯಕ್ಕೆ ಪೋರ್ಚುಗಲ್ ಪಾಸ್‌ಪೋರ್ಟು ಪಡೆದಿದ್ದರು. ಅದರೊಂದಿಗೆ ಯುರೋಪಿನ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಒಂದು ಓಟೂ ಬಂದಿತ್ತು. ಯುರೋಪನ್ನು ಕಣ್ಣಿನಿಂದ ಕಂಡವರಲ್ಲ. ಆದರೆ ಆ ಖಂಡಕ್ಕೆಲ್ಲ ಒಂದೇ ಸಂವಿಧಾನ ಬೇಕು, ಮತದಾರರು ಅದನ್ನು ತರುವ ಪಕ್ಷವನ್ನೇ ಬೆಂಬಲಿಸಬೇಕು ಎಂದು ಬನಿಯನ್ನಿನಲ್ಲಿ ನಿಂತು ಘನವಾಗಿ ಉಪನ್ಯಾಸ ಕೊಡುತ್ತಿದ್ದರು.

ಒಂದು ಶುಕ್ರವಾರ ಮಾವ ಗಂಜಿ ಕಲಕುತ್ತ ಕೇಳಿದರು: "ಅಲ್ಲ ಮಾರಾಯ್ರೆ, ಗ್ರೀಸಿನವ ಎಂತ ಉಣ್ಬೇಕು ಅಂತ ಜರ್ಮನಿಯವ ಓಟು ಹಾಕುದಾ?"

"ಎಲ್ಲರ ಹಿತಕ್ಕೆ ಮಾವ. ಬಹುಮತ!"

"ಹಾಗಾದ್ರೆ ನೀವು ಅದು ಬೇಡ ಅನ್ನುವವ್ರಿಗೇ ಓಟು ಹಾಕಿ. ಒಬ್ಬನಿಗೆ ಆಗದಿದ್ರೆ ಹೊರಗೆ ಹೋಗ್ಲಿಕ್ಕೆ ಬಾಗಿಲು ಎಲ್ಲುಂಟು ಅಂತ ಮೊದ್ಲು ನೋಡಿ."

ಯಜಮಾನರ ಮುಖ ಕೆಂಪಾಯಿತು. ಏಕತೆಯ ಮಹಿಮೆಯನ್ನು ಸಾಬೀತುಪಡಿಸಲು ಅಲ್ಲೇ, ಸಿಂಕಿನ ಪಕ್ಕದಲ್ಲೇ, ಅಡುಗೆಮನೆಗೊಂದು ಸಂವಿಧಾನ ಘೋಷಿಸಿದರು: ಎಲ್ಲರಿಗೂ ಒಂದೇ ಪಾತ್ರೆ, ಬೇಗ ಬೇಯುವ ಬಿಳಿ ಅಕ್ಕಿಯ ಒಂದೇ ಬೆಳ್ತಿಗೆ ಅನ್ನ. ಒಪ್ಪುವವರು ಕೈ ಎತ್ತಬೇಕು. ಐದು ಕೈಗಳು ಎದ್ದವು. ಒಂದು ನನ್ನದು. ನನ್ನದರ ಹಿಂದೆ ಯಾವ ತತ್ವವೂ ಇರಲಿಲ್ಲ; ಗಂಜಿ ಇಳಿಯುವ ತನಕ ನನ್ನ ಚಹಾಕ್ಕೆ ನಾನು ಕಾದು ನಿಲ್ಲಬೇಕಿತ್ತು, ಅಷ್ಟೇ. ಮಹಾನ್ ಜನತೀರ್ಪುಗಳೆಲ್ಲ ಬಹುಶಃ ಹೀಗೇ ಹುಟ್ಟುತ್ತವೆ.

ಮಾವ ಅರ್ಧ ಬೆಂದ ಗಂಜಿಯನ್ನು ಇಳಿಸಿ, "ಖಲಾಸ್" ಎಂದರು. ನನ್ನ ಕಡೆ ನೋಡಲಿಲ್ಲ. ಮುಂದಿನ ವಾರ ಮುಹೈಸ್ನಾದ ಲೇಬರ್ ಕ್ಯಾಂಪಿನಲ್ಲಿದ್ದ ಊರಿನವರೊಬ್ಬರ ಕೋಣೆಗೆ ಹೊರಟುಹೋದರು. ಅಲ್ಲಿ ಸಂವಿಧಾನವಿರಲಿಲ್ಲ, ಒಲೆ ಬಿಟ್ಟುಕೊಡುವ ಜನರಿದ್ದರು.

ತಿಂಗಳು ಕಳೆಯುವುದರೊಳಗೆ ಯಜಮಾನರಿಗೆ ಶುಗರ್ ಪತ್ತೆಯಾಯಿತು. ಕೂಡಲೇ ತಿದ್ದುಪಡಿ: ಅವರೊಬ್ಬರಿಗೆ ಪ್ರತ್ಯೇಕ ಚಪಾತಿ, ಪ್ರತ್ಯೇಕ ಕಾವಲಿ. ಸಂವಿಧಾನ ಬರೆದವನಿಗೆ ಬಾಗಿಲು ಎಲ್ಲಿದೆಯೆಂದು ಚೆನ್ನಾಗಿ ಗೊತ್ತಿರುತ್ತದೆ. ಅದಕ್ಕೂ ನಾವು ಕೈ ಎತ್ತಿದೆವು. ಚುನಾವಣೆಯ ದಿನ ಅವರು ಸೂಟು ಹಾಕಿಕೊಂಡು ಪೋರ್ಚುಗಲ್ ರಾಯಭಾರ ಕಚೇರಿಗೆ ಹೋಗಿ ಯುರೋಪನ್ನೂ ಒಂದುಗೂಡಿಸಿ ಬಂದರು.

ಮಾವ ಊರಿಗೆ ಮರಳಿ ಎರಡೇ ವರ್ಷಕ್ಕೆ ತೀರಿಕೊಂಡರಂತೆ... ಒಮ್ಮೆಯಾದರೂ ಮುಹೈಸ್ನಾಕ್ಕೆ ಹೋಗಿ ಮಾತನಾಡಿಸಬಹುದಿತ್ತು. ಹೋಗಲಿಲ್ಲ.

ಈಗ ಡಾಕ್ಟರು ನನಗೂ ಗಂಜಿಯನ್ನೇ ಹೇಳಿದ್ದಾರೆ. ಮೊನ್ನೆ ಒಲೆಯ ಮೇಲಿದ್ದದ್ದು ಅದೇ. ಹೆಂಡತಿ ಚಹಾದ ಪಾತ್ರೆ ಹಿಡಿದು ಬಂದವಳು, "ಬೇಯ್ಲಿ ಬಿಡಿ, ಎಂತ ಅವಸರ?" ಎಂದು ಪಕ್ಕದಲ್ಲಿ ನಿಂತು ಕಾದಳು. ಅಷ್ಟು ಸಣ್ಣ ಮಾತು ಅಂದು ನನ್ನ ಬಾಯಿಗೆ ಬರಲಿಲ್ಲ.